ಟ್ಯೂಷನ್ ಸೆಂಟರ್ ಇಂಟರ್‌ವ್ಯೂ: ಡೆಮೊ ಕ್ಲಾಸಿಗೆ ಹೇಗೆ ತಯಾರಾಗಬೇಕು?

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಗಣಿತ ಮೊದಲ ವರ್ಷ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನ ತನಕ ಓದಿದ್ದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ. ಹಾಸ್ಟೆಲ್‌ನಿಂದ ಸ್ವಲ್ಪ ದೂರದ ಒಂದು ಲರ್ನಿಂಗ್ ಸೆಂಟರ್‌ನಲ್ಲಿ ವಾರಕ್ಕೆ ಆರು ದಿನ, ಸಂಜೆ 5ರಿಂದ 8ರವರೆಗೆ, 6ರಿಂದ 10ನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವ ಪಾರ್ಟ್‌ಟೈಮ್ ಕೆಲಸ ಇದೆ. ಮುಂದಿನ ವಾರ ಇಂಟರ್‌ವ್ಯೂ. ಒಂದು ಚಿಕ್ಕ ಟೆಸ್ಟ್, ಆಮೇಲೆ 15 ನಿಮಿಷದ ಡೆಮೊ ಕ್ಲಾಸ್ ಇರುತ್ತದೆ ಎಂದಿದ್ದಾರೆ. ನನಗೆ ಪಾಠ ಮಾಡಿ ಅಭ್ಯಾಸ ಇಲ್ಲ. ಬಿ.ಎಡ್. ಆಗಿಲ್ಲ. ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ. ಏನು ಕೇಳುತ್ತಾರೆ? ಹೇಗೆ ತಯಾರಾಗಲಿ? ಸಂಬಳದ ಮಾತು ನಾನೇ ಎತ್ತಬಹುದಾ? ಬರುವಾಗ ಒರಿಜಿನಲ್ ಅಂಕಪಟ್ಟಿ ತನ್ನಿ ಎಂದಿದ್ದಾರೆ, ಕೊಡಬಹುದಾ?

ಉತ್ತರ: ಮೊದಲು ಬಿ.ಎಡ್. ಚಿಂತೆ ಬಿಡಿ. ಬಿ.ಎಡ್., ಟಿಇಟಿ ಎಲ್ಲ ಶಾಲಾ ಶಿಕ್ಷಕರ ನೇಮಕಕ್ಕೆ ಸಂಬಂಧಪಟ್ಟವು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರ್‌ಗಳಿಗಾಗಿ ರಾಜ್ಯಗಳಿಗೆ ಒಂದು ಮಾರ್ಗಸೂಚಿ ಕಳಿಸಿತು. ಅದರಲ್ಲೂ ಪಾಠ ಮಾಡುವವರು ಕನಿಷ್ಠ ಪದವೀಧರರಾಗಿರಬೇಕು ಎಂದಷ್ಟೇ ಇದೆ. ನಿಮ್ಮ ಬಿ.ಎಸ್ಸಿ. ಮುಗಿದಿದೆ, ಹಾಗಾಗಿ ಓದಿನ ವಿಷಯದಲ್ಲಿ ನಿಮಗೆ ಯಾವ ಕೊರತೆಯೂ ಇಲ್ಲ.

ಇನ್ನು ಅನುಭವ. ಪಾರ್ಟ್‌ಟೈಮ್ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಓದುತ್ತಿರುವವರೇ. ಅನುಭವ ಇರಲ್ಲ ಅಂತ ಸೆಂಟರಿನವರಿಗೂ ಗೊತ್ತು. ಅದಕ್ಕೇ ಡೆಮೊ ಇಡುತ್ತಾರೆ. ನಾನು ಬಹಳ ವರ್ಷ ಇಂಥ ಡೆಮೊಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೇನೆ. ಬೋರ್ಡಿನ ಮುಂದೆ ಸರಾಗವಾಗಿ ಮಾತಾಡಿದವರನ್ನು ಬಿಟ್ಟು, ಮೆಲ್ಲಗೆ ಮಾತಾಡಿ ಮಗುವಿನ ನೋಟ್‌ಬುಕ್ಕಿನ ಕಡೆ ಬಗ್ಗಿ ನೋಡಿದವರನ್ನು ಎಷ್ಟೋ ಸಲ ಆರಿಸಿದ್ದೇವೆ. ಮಗು ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಹುಡುಕಲು ನಿಮಗೆ ಬರುತ್ತದಾ? ಇಡೀ ಇಂಟರ್‌ವ್ಯೂನಲ್ಲಿ ನಾವು ಮುಖ್ಯವಾಗಿ ನೋಡುವುದು ಇಷ್ಟನ್ನೇ. ಹಾಗಾಗಿ ನಿಮ್ಮ ತಯಾರಿಯ ಮುಕ್ಕಾಲು ಪಾಲು ಇದಕ್ಕೇ ಇರಲಿ.

ಸೆಂಟರಿಗೆ ಇವತ್ತೇ ಒಂದು ಫೋನ್ ಮಾಡಿ. ಮಕ್ಕಳು ಯಾವ ಸಿಲಬಸ್‌ನವರು, ಡೆಮೊ ಯಾವ ತರಗತಿಗೆ, ಯಾವ ಪಾಠ, ಎದುರಿಗೆ ಕೂರುವುದು ಮಕ್ಕಳಾ ಅಥವಾ ದೊಡ್ಡವರಾ ಎಂದು ಕೇಳಿ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ, ಅಂಥ ಫೋನ್ ಬಂದರೆ ನಮಗೆ ಖುಷಿಯಾಗುತ್ತದೆ. ಸಿಲಬಸ್ ತಿಳಿಯುವುದು ನಿಜಕ್ಕೂ ಮುಖ್ಯ. ರಾಜ್ಯದ ಹತ್ತನೇ ತರಗತಿಯ ಗಣಿತ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಆಧರಿಸಿದ್ದು. ಆದರೆ ಸಿಬಿಎಸ್‌ಇ ಮಕ್ಕಳಿಗೆ 6ನೇ ತರಗತಿಯಲ್ಲಿ 2024ರಲ್ಲಿ, 7 ಮತ್ತು 8ರಲ್ಲಿ 2025ರಲ್ಲಿ ಎನ್‌ಸಿಇಆರ್‌ಟಿಯ ಹೊಸ ಗಣಿತ ಪುಸ್ತಕ ಬಂದಿದೆ. ನೀವು ಓದಿದ ಪುಸ್ತಕ ನೆನಪಿಟ್ಟುಕೊಂಡು ಹೋದರೆ ಪಾಠಗಳ ಕ್ರಮವೇ ಬೇರೆ ಇರುತ್ತದೆ. ಎನ್‌ಸಿಇಆರ್‌ಟಿ ಮತ್ತು ಕರ್ನಾಟಕ ಪಠ್ಯಪುಸ್ತಕ ಸಂಘ ಎರಡೂ ಪುಸ್ತಕಗಳ ಪಿಡಿಎಫ್ ಅನ್ನು ಉಚಿತವಾಗಿ ಕೊಡುತ್ತವೆ. ಡೌನ್‌ಲೋಡ್ ಮಾಡಿ, 6ರಿಂದ 8ರವರೆಗಿನ ಪಾಠಗಳನ್ನು ಒಂದು ಸಲ ತಿರುವಿ ಹಾಕಿ.

ಟೆಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೈಸ್ಕೂಲ್ ಮಟ್ಟದ ಲೆಕ್ಕಗಳು ಇರುತ್ತವೆ, ನಿಮಗೆ ಬರುತ್ತವೆ. ಆದರೆ ಎಂ.ಎಸ್ಸಿ. ಓದುವವರು ಒಂದು ಕಡೆ ಎಡವುತ್ತಾರೆ. 6ನೇ ತರಗತಿಯ ಲೆಕ್ಕಕ್ಕೂ x ಹಾಕಿ ಸಮೀಕರಣ ಬರೆಯುತ್ತಾರೆ. ಉತ್ತರ ಸರಿ, ಆದರೆ ಆ ಮಗು ಇನ್ನೂ ಸಮೀಕರಣ ಕಲಿತಿಲ್ಲ. ಆ ತರಗತಿಯ ಮಗು ಯಾವ ದಾರಿಯಲ್ಲಿ ಬಿಡಿಸಬಹುದೋ ಆ ದಾರಿಯಲ್ಲೇ ಬಿಡಿಸಿ. ಹಂತಗಳನ್ನು ಬಿಡಬೇಡಿ. ಟೆಸ್ಟ್ ತಿದ್ದುವಾಗ ಇದನ್ನೂ ನೋಡುತ್ತೇವೆ.

ಈಗ ಡೆಮೊಗೆ ಬರೋಣ. 15 ನಿಮಿಷದಲ್ಲಿ ಒಂದು ಪಾಠ ಮುಗಿಸಲು ಆಗಲ್ಲ. ಮುಗಿಸಿ ಅಂತ ಯಾರೂ ಕೇಳುವುದೂ ಇಲ್ಲ. ಒಂದೇ ಒಂದು ಸಂಗತಿ ಆರಿಸಿಕೊಳ್ಳಿ, ಅದರಲ್ಲಿ ಮಕ್ಕಳು ಮಾಡುವ ತಪ್ಪುಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ. ಮಕ್ಕಳ ತಪ್ಪುಗಳು ಬೇಕಾಬಿಟ್ಟಿ ಇರುವುದಿಲ್ಲ. ಅವುಗಳ ಹಿಂದೆ ಮಗು ತಾನೇ ಕಟ್ಟಿಕೊಂಡ ಒಂದು ನಿಯಮ ಇರುತ್ತದೆ.

52ರಲ್ಲಿ 27 ಕಳೆದರೆ 35 ಎಂದು ಬರೆಯುವ ಮಗುವನ್ನು ನೋಡಿ. ಬಿಡಿ ಸ್ಥಾನದಲ್ಲಿ 7ರಲ್ಲಿ 2 ಕಳೆದು 5, ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಿದೆ. ಅದರ ನಿಯಮ ಅದು. ಈ ಮಗುವಿಗೆ ‘ಗಮನ ಇಟ್ಟು ಮಾಡು’ ಎಂದರೆ ಏನೂ ಪ್ರಯೋಜನ ಇಲ್ಲ, ಅದು ಗಮನ ಇಟ್ಟೇ ಮಾಡಿದೆ. ‘27ಕ್ಕೆ 35 ಕೂಡಿಸು, 52 ಬರುತ್ತಾ ನೋಡು’ ಎಂದರೆ ಅದಕ್ಕೇ ಅನುಮಾನ ಬರುತ್ತದೆ. ಅಲ್ಲಿಂದ ಪಾಠ ಶುರುವಾಗುತ್ತದೆ.

ಭಿನ್ನರಾಶಿ ಡೆಮೊಗೆ ತುಂಬಾ ಒಳ್ಳೆಯ ವಿಷಯ. 1/2 + 1/3 = 2/5 ಎಂದು ಬರೆಯುವ ಮಕ್ಕಳು ಎಲ್ಲ ತರಗತಿಯಲ್ಲೂ ಸಿಗುತ್ತಾರೆ, ಹತ್ತರಲ್ಲೂ ಸಿಗುತ್ತಾರೆ. ಹೆಚ್ಚಿನ ಅಭ್ಯರ್ಥಿಗಳು ತಕ್ಷಣ ‘ಛೇದ ಬೇರೆ ಇದೆ, ಲ.ಸಾ.ಅ. ತೆಗಿ’ ಎನ್ನುತ್ತಾರೆ. ಮಗು ತೆಗೆಯುತ್ತದೆ, 5/6 ಬರೆಯುತ್ತದೆ, ಮುಂದಿನ ವಾರ ಮತ್ತೆ 2/5 ಬರೆಯುತ್ತದೆ. ಯಾಕೆಂದರೆ ಮೊದಲಿನ ಉತ್ತರ ಯಾಕೆ ತಪ್ಪು ಎಂದು ಅದಕ್ಕೆ ಯಾರೂ ತೋರಿಸಿಲ್ಲ. ನೀವು ಹೀಗೆ ಮಾಡಿ ನೋಡಿ. ‘2/5 ಅರ್ಧಕ್ಕಿಂತ ದೊಡ್ಡದಾ, ಚಿಕ್ಕದಾ?’ ಎಂದು ಕೇಳಿ. ಒಂದು ಕಾಗದದ ಪಟ್ಟಿ ಕೊಟ್ಟು ಐದು ಭಾಗ ಮಾಡಿಸಿ, ಎರಡು ಭಾಗಕ್ಕೆ ಬಣ್ಣ ಹಾಕಿಸಿ. ಅರ್ಧಕ್ಕಿಂತ ಚಿಕ್ಕದು ಅಂತ ಕಣ್ಣಿಗೇ ಕಾಣುತ್ತದೆ. ‘ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದೆವು. ಮತ್ತೆ ಅರ್ಧಕ್ಕಿಂತ ಕಡಿಮೆ ಹೇಗಾಯ್ತು?’ ಎಂದು ಕೇಳಿ ಸುಮ್ಮನಿರಿ. ಮಗುವಿನ ಮುಖ ಬದಲಾಗುವುದನ್ನು ಹಿಂದೆ ಕೂತವರೂ ನೋಡುತ್ತಾರೆ. ಲ.ಸಾ.ಅ. ಆಮೇಲೆ ಹೇಳಿಕೊಟ್ಟರೂ ನಡೆಯುತ್ತದೆ, ಆಗ ಅದು ಯಾಕೆ ಬೇಕು ಅಂತ ಮಗುವಿಗೆ ಗೊತ್ತಿರುತ್ತದೆ.

ದಶಮಾಂಶದಲ್ಲಿ 0.35 ದೊಡ್ಡದು, 0.5 ಚಿಕ್ಕದು ಎನ್ನುತ್ತಾರೆ. 5ಕ್ಕಿಂತ 35 ದೊಡ್ಡದಲ್ವಾ, ಅದಕ್ಕೆ. ಇಲ್ಲಿ ಎಲ್ಲರೂ ದುಡ್ಡಿನ ಉದಾಹರಣೆ ಕೊಡುತ್ತಾರೆ: 35 ಪೈಸೆ, 50 ಪೈಸೆ. ಕೊಡಿ, ತಪ್ಪಿಲ್ಲ. ಆದರೆ ದುಡ್ಡು ಎರಡು ಸ್ಥಾನಕ್ಕೆ ನಿಂತುಬಿಡುತ್ತದೆ. 0.125 ಮತ್ತು 0.5 ಕೊಟ್ಟರೆ ಮಗು ಮತ್ತೆ ಅದೇ ತಪ್ಪು ಮಾಡುತ್ತದೆ. ಹತ್ತನೇ ಒಂದು, ನೂರನೇ ಒಂದು, ಸಾವಿರನೇ ಒಂದು ಎಂದು ಸ್ಥಾನದ ಕೋಷ್ಟಕ ಹಾಕಿಸಿದರೆ ಮಾತ್ರ ಅದು ಗಟ್ಟಿಯಾಗುತ್ತದೆ. ಈ ವ್ಯತ್ಯಾಸವನ್ನು ಡೆಮೊದಲ್ಲಿ ಒಂದು ಮಾತಿನಲ್ಲಿ ಹೇಳಿದರೂ ಸಾಕು, ನೀವು ಯೋಚನೆ ಮಾಡಿ ಬಂದಿದ್ದೀರಿ ಅಂತ ಗೊತ್ತಾಗುತ್ತದೆ.

8 ಅಥವಾ 9ನೇ ತರಗತಿಗೆ ಡೆಮೊ ಕೊಡುವುದಾದರೆ (a+b)² = a²+b² ಎಂಬ ತಪ್ಪನ್ನು ಹಿಡಿಯಿರಿ. a=2, b=3 ಹಾಕಿಸಿ. ಒಂದು ಕಡೆ 25, ಇನ್ನೊಂದು ಕಡೆ 13. ‘ಉಳಿದ 12 ಎಲ್ಲಿ ಹೋಯ್ತು?’ ಎಂದು ಕೇಳಿ. ಆಮೇಲೆ 5 ಮಾನ ಬಾಹುವಿನ ಚೌಕ ಬರೆದು, 2 ಮತ್ತು 3 ಆಗಿ ಗೆರೆ ಎಳೆಯಿರಿ. ಎರಡು ಚಿಕ್ಕ ಚೌಕ, ಎರಡು ಆಯತ. ಆಯತ ಒಂದೊಂದೂ 6. ಕಳೆದುಹೋದ 12 ಸಿಕ್ಕಿತು. 2ab ಎಲ್ಲಿಂದ ಬಂತು ಅಂತ ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಅಭ್ಯಾಸ ಮಾಡಿ. ಹೊಸಬರಿಗೆ ಮೌನ ಎಂದರೆ ಭಯ, ತಾವೇ ಉತ್ತರ ಹೇಳಿಬಿಡುತ್ತಾರೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಗಮನಿಸಿದ್ದು ಇದನ್ನೇ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಕಾದು ಮುಂದೆ ಹೋಗಿಬಿಡುತ್ತಿದ್ದರು. ಮೂರು ಸೆಕೆಂಡು, ಅದಕ್ಕೂ ಜಾಸ್ತಿ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಉತ್ತರ ಹೇಳದೆ ಕೂರುವುದು ಕಡಿಮೆಯಾಯಿತು. ಕೇಳಲು ಮೂರೇ ಸೆಕೆಂಡು. ನಿಂತು ನೋಡಿ, ಎಷ್ಟು ಉದ್ದ ಅನ್ನಿಸುತ್ತದೆ ಅಂತ. ಹಾಸ್ಟೆಲ್‌ನಲ್ಲಿ ಗೆಳತಿಯನ್ನು ಕೂರಿಸಿಕೊಂಡು, ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಟ್ಟುಬಿಡಿ. ನಮ್ಮ ಮಕ್ಕಳು ‘ಆಯ್ತು ಮಿಸ್’ ಎಂದೇ ಹೇಳುತ್ತಾರೆ. ಆಗಿಲ್ಲ ಎಂದರೆ ಬೈಯುತ್ತಾರೆ ಅಂತ ಅವರಿಗೆ ಗೊತ್ತು. ಬದಲಿಗೆ ಒಂದು ಲೆಕ್ಕ ಕೊಡಿ, ಸುಮ್ಮನೆ ನೋಡಿ. ಅವರ ಪೆನ್ಸಿಲ್ ಎಲ್ಲಿ ನಿಲ್ಲುತ್ತದೋ ಅಲ್ಲಿ ಅರ್ಥ ಆಗಿಲ್ಲ. ಪೆನ್ಸಿಲ್ ನಿಮ್ಮ ಕೈಗೆ ಬರದಂತೆ ನೋಡಿಕೊಳ್ಳಿ. ಮಗುವಿನ ಪುಸ್ತಕದಲ್ಲಿ ತಾವೇ ಲೆಕ್ಕ ಬಿಡಿಸಿ ಕೊಡುವವರನ್ನು ನಾವು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಎಲ್ಲ ಸೆಂಟರುಗಳೂ ಒಂದೇ ಥರ ಇರುವುದಿಲ್ಲ ಎಂಬುದು ನೆನಪಿರಲಿ. ಕೆಲವು ಕಡೆ ಬೋರ್ಡಿನ ಪಾಠವೇ ಇಲ್ಲ, ವರ್ಕ್‌ಶೀಟ್ ಮಾತ್ರ. ಜಪಾನಿನ ಹೈಸ್ಕೂಲ್ ಗಣಿತ ಶಿಕ್ಷಕ ತೋರು ಕುಮೋನ್ 1954ರಲ್ಲಿ ಮಗನಿಗಾಗಿ ಬರೆದ ಅಭ್ಯಾಸದ ಹಾಳೆಗಳಿಂದ ಬೆಳೆದ ಕುಮೋನ್ ಕೇಂದ್ರಗಳು ಹೀಗೆಯೇ. ಮಗು ತನ್ನ ವೇಗದಲ್ಲಿ ಹಾಳೆ ಮುಗಿಸುತ್ತದೆ, ನೀವು ತಿದ್ದುತ್ತೀರಿ, ಸಿಕ್ಕಿಕೊಂಡಲ್ಲಿ ಒಂದು ಸುಳಿವು ಕೊಡುತ್ತೀರಿ. ಅಂಥ ಕಡೆ ಉದ್ದ ಪಾಠ ಮಾಡಿ ತೋರಿಸಿದರೆ ಅವರಿಗೆ ಬೇಕಾದ್ದು ನೀವು ಗಮನಿಸಿಲ್ಲ ಎಂದಾಗುತ್ತದೆ. ಫೋನಿನಲ್ಲೇ ಇದನ್ನೂ ಕೇಳಿಬಿಡಿ.

ಡೆಮೊ ಆದ ಮೇಲೆ ಮಾತುಕತೆ. ‘ನಿಮಗೆ ಗೊತ್ತಿಲ್ಲದ ಪ್ರಶ್ನೆ ಮಗು ಕೇಳಿದರೆ?’ ಎಂದು ಕೇಳುತ್ತಾರೆ. ‘ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎನ್ನುತ್ತೇನೆ, ಹೇಳಿಯೇ ಹೇಳುತ್ತೇನೆ’ ಎಂಬ ಉತ್ತರ ಸಾಕು. ‘ಶಾಲೆಯ ಹೋಂವರ್ಕ್ ಮಾಡಿಸಿ ಕಳಿಸಿ ಎಂದು ಪೋಷಕರು ಹಟ ಹಿಡಿದರೆ?’ ಇದಕ್ಕೆ ಸ್ವಲ್ಪ ಯೋಚಿಸಿ ಹೋಗಿ. ಹೋಂವರ್ಕ್‌ನಲ್ಲಿ ಮಗುವಿಗೆ ಕಷ್ಟವಾದ ಎರಡು ಲೆಕ್ಕ ತೆಗೆದುಕೊಂಡು ಕಲಿಸುತ್ತೇನೆ, ಉಳಿದದ್ದು ಅದೇ ಮಾಡಲಿ ಎಂದು ಹೇಳಬಹುದು. ‘ಎರಡು ತಿಂಗಳಲ್ಲಿ ಮಾರ್ಕ್ಸ್ ಬರುತ್ತಾ?’ ಎಂದು ಕೇಳಿದರೆ ಭರವಸೆ ಕೊಡಬೇಡಿ. ನಾನು ಮೊದಲು ಹೇಳಿದ ಮಾರ್ಗಸೂಚಿಯಲ್ಲೂ ರ್ಯಾಂಕ್, ಒಳ್ಳೆಯ ಅಂಕದ ಗ್ಯಾರಂಟಿ ಕೊಡಬಾರದು ಎಂದಿದೆ. ಮಗು ಈಗ ಎಲ್ಲಿದೆ, ಯಾವ ತಪ್ಪು ಕಡಿಮೆಯಾಗಿದೆ ಎಂದು ನೋಟ್‌ಬುಕ್ ತೋರಿಸಿ ಪೋಷಕರಿಗೆ ಹೇಳುತ್ತೇನೆ ಎನ್ನಿ.

ಎಸ್‌ಎಸ್‌ಎಲ್‌ಸಿ ಮಕ್ಕಳಿದ್ದರೆ ಇನ್ನೊಂದು ಪ್ರಶ್ನೆ ಗ್ಯಾರಂಟಿ: ‘ಪಾಸ್ ಆಗುವುದೇ ಕಷ್ಟ ಎನ್ನುವ ಮಗುವಿಗೆ ಎಲ್ಲಿಂದ ಶುರು ಮಾಡುತ್ತೀರಿ?’ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಹಿಂದಿನ ವರ್ಷಗಳ ಎರಡು ಪ್ರಶ್ನೆಪತ್ರಿಕೆ ಬಿಡಿಸಿಕೊಂಡು ಹೋಗಿ, ಸುಲಭದ ಅಂಕ ಎಲ್ಲಿವೆ ಅಂತ ನಿಮಗೇ ಕಾಣುತ್ತದೆ. ಸಂಖ್ಯಾಶಾಸ್ತ್ರದ ಸರಾಸರಿ, ಎರಡು ಸಮೀಕರಣಗಳ ನಕ್ಷೆ ಇಂಥವು ಕ್ರಮ ತಪ್ಪದೆ ಮಾಡಿದರೆ ಕೈಗೆ ಸಿಗುವ ಅಂಕಗಳು. ಆದರೆ ಅದಕ್ಕೂ ಮೊದಲು ಆ ಮಗುವಿಗೆ ಋಣ ಸಂಖ್ಯೆ ಕೂಡಿಸಲು ಕಳೆಯಲು ಬರುತ್ತದಾ ಅಂತ ನೋಡುತ್ತೇನೆ ಎಂದು ಹೇಳಿ. ಹತ್ತನೇ ತರಗತಿಯಲ್ಲಿ ಬೀಜಗಣಿತ ಬರಲ್ಲ ಎನ್ನುವ ಎಷ್ಟೋ ಮಕ್ಕಳಿಗೆ ನಿಜಕ್ಕೂ ತೊಡಕಾಗಿರುವುದು ಏಳನೇ ತರಗತಿಯ ಈ ಪಾಠ. ಈ ಉತ್ತರ ಕೊಟ್ಟವರ ಹೆಸರನ್ನು ನಾನು ತಕ್ಷಣ ಗುರುತು ಮಾಡಿಕೊಳ್ಳುತ್ತಿದ್ದೆ.

ಎಷ್ಟು ದಿನ ಇರುತ್ತೀರಿ ಎಂದೂ ಕೇಳುತ್ತಾರೆ. ನಿಜ ಹೇಳಿ. ನಿಮ್ಮ ಸೆಮಿಸ್ಟರ್ ಪರೀಕ್ಷೆ ಯಾವಾಗ, ಆಗ ಎಷ್ಟು ದಿನ ರಜೆ ಬೇಕು ಎಂದು ಮೊದಲೇ ತಿಳಿಸಿ. ಫೆಬ್ರವರಿ, ಮಾರ್ಚ್ ಸೆಂಟರುಗಳಿಗೆ ಬಿಡುವಿಲ್ಲದ ತಿಂಗಳು. ಆಗ ಕೈಕೊಡುವುದಿಲ್ಲ ಎಂದು ಹೇಳಲು ಆದರೆ ಹೇಳಿ, ಆಗದಿದ್ದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ನಡುವೆ ಟೀಚರ್ ಬದಲಾದರೆ ಪೆಟ್ಟು ಬೀಳುವುದು ಮಕ್ಕಳಿಗೆ.

ಇಂಗ್ಲಿಷ್ ವಿಷಯಕ್ಕೆ ಬರುತ್ತೇನೆ, ಇದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸಿತು. ಮೈಸೂರಿನ ಟ್ಯೂಷನ್‌ಗೆ ಬರುವ ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಬಹಳ ಜನ ಮನೆಯಲ್ಲಿ ಕನ್ನಡ ಮಾತಾಡುವವರು. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿ ಅರ್ಥವಾಗದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಅವರಿಗೆ ಬೇಕು. ನೀವು ಎರಡೂ ಕಡೆ ಓದಿದವರು. ಪುಸ್ತಕದ ಪದಗಳು ಎರಡೂ ಭಾಷೆಯಲ್ಲಿ ನಾಲಿಗೆ ಮೇಲಿರಲಿ: ಛೇದ, ಡಿನಾಮಿನೇಟರ್, ಅಪವರ್ತನ, ಫ್ಯಾಕ್ಟರ್, ಸಮರೂಪ, ಸಿಮಿಲರ್, ಸರ್ವಸಮ, ಕಾಂಗ್ರುಯೆಂಟ್. ಬೋರ್ಡಿನ ಮೇಲೆ ಬರೆಯುವುದು ಮಗುವಿನ ಪುಸ್ತಕದ ಭಾಷೆಯಲ್ಲಿರಲಿ, ವಿವರಣೆ ಮಗುವಿಗೆ ಹತ್ತಿರವಾದ ಭಾಷೆಯಲ್ಲಿರಲಿ. ಡೆಮೊದ ಮೊದಲ ಎರಡು ನಿಮಿಷ ಏನು ಹೇಳುತ್ತೀರೋ ಅದನ್ನು ಇಂಗ್ಲಿಷಿನಲ್ಲಿ ಬರೆದು, ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಶುರು ಸರಿ ಹೋದರೆ ನಡುಕ ತಾನಾಗಿ ಇಳಿಯುತ್ತದೆ. ಕನ್ನಡವೇ ಬಾರದ ಮಕ್ಕಳು ಎಷ್ಟಿದ್ದಾರೆ ಎಂದು ಕೇಳಿ, ಮೊದಲು ಚಿಕ್ಕ ತರಗತಿ ಕೊಡಿ ಎಂದು ನೀವೇ ಕೇಳಿಕೊಳ್ಳಬಹುದು.

ಸಂಬಳದ ಮಾತು ನೀವೇ ಎತ್ತಬಹುದು, ಎತ್ತಲೇಬೇಕು. ಡೆಮೊ ಮುಗಿದು ‘ನಿಮಗೇನಾದರೂ ಕೇಳುವುದಿದೆಯಾ?’ ಎಂದಾಗ ಕೇಳಿ. ಗಂಟೆ ಲೆಕ್ಕವಾ, ತಿಂಗಳಿಗಾ, ಮಕ್ಕಳ ತಲೆ ಎಣಿಸಿಯಾ? ತಿಂಗಳ ಲೆಕ್ಕವಾದರೆ ಮನಸ್ಸಿನಲ್ಲೇ ಭಾಗಿಸಿ ನೋಡಿ. ಉದಾಹರಣೆಗೆ 9,000 ರೂಪಾಯಿ ಎಂದರು ಅನ್ನಿ. ದಿನಕ್ಕೆ 3 ಗಂಟೆ, 24 ದಿನ, ಒಟ್ಟು 72 ಗಂಟೆ. ಗಂಟೆಗೆ 125 ಆಯ್ತು. ದಿನಾ ಅರ್ಧ ಗಂಟೆ ನೋಟ್‌ಬುಕ್ ತಿದ್ದಬೇಕು ಎಂದರೆ 84 ಗಂಟೆ, ಗಂಟೆಗೆ ಸುಮಾರು 107ಕ್ಕೆ ಇಳಿಯಿತು. ಪೋಷಕರ ಸಭೆ, ಪರೀಕ್ಷೆ ಸಮಯದ ಭಾನುವಾರದ ಕ್ಲಾಸು ಇವಕ್ಕೆ ಬೇರೆ ದುಡ್ಡಿದೆಯಾ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಕಡಿಮೆಯಾದಾಗ ಸಂಬಳ ಬರುತ್ತದಾ ಎಂಬುದನ್ನಂತೂ ಮರೆಯದೆ ಕೇಳಿ, ಜಗಳ ಹೆಚ್ಚಾಗಿ ಅಲ್ಲೇ ಶುರುವಾಗುವುದು. ಕೆಲವರು ಶೇ 10 ಟಿಡಿಎಸ್ (ಸಂಬಳ ಕೊಡುವ ಮೊದಲೇ ಕಡಿಯುವ ತೆರಿಗೆ) ಹಿಡಿದು ಕೊಡುತ್ತಾರೆ. ನಿಮ್ಮ ಆದಾಯವು ತೆರಿಗೆ ಬೀಳದ ಮಿತಿಯೊಳಗೇ ಇರುತ್ತದೆ, ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಹಾಗಾಗಿ ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಮಾಡಿಸಿಕೊಳ್ಳಿ.

ಕ್ಲಾಸ್ ನಡೆಯುವ ಕೋಣೆಗಳನ್ನು ಒಂದು ಸಲ ನೋಡಿ ಬನ್ನಿ. ಬಾಗಿಲಲ್ಲಿ ಗಾಜಿದೆಯಾ, ಒಬ್ಬೊಬ್ಬ ಮಗುವಿಗೆ ಪಾಠ ಮಾಡುವಾಗ ಬಾಗಿಲು ತೆರೆದಿರುತ್ತದಾ, ಮಕ್ಕಳನ್ನು ಕರೆದುಕೊಂಡು ಹೋಗಲು ಬರುವವರ ಹೆಸರು ಬರೆದುಕೊಳ್ಳುತ್ತಾರಾ? ಒಳ್ಳೆಯ ಸೆಂಟರಿನವರು ನಿಮ್ಮನ್ನೂ ಇದರ ಬಗ್ಗೆ ಕೇಳುತ್ತಾರೆ. ಮಗು ತನಗೆ ಆಗುತ್ತಿರುವ ದೌರ್ಜನ್ಯವನ್ನು ನಿಮ್ಮ ಹತ್ತಿರ ಹೇಳಿಕೊಂಡರೆ ಏನು ಮಾಡುತ್ತೀರಿ ಎಂದು ಕೇಳಬಹುದು. ಲೈಂಗಿಕ ದೌರ್ಜನ್ಯ ಗೊತ್ತಾದವರು ಯಾರೇ ಆಗಿರಲಿ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ‘ಮೇಲಿನವರಿಗೆ ಹೇಳಿ ಬಿಡುತ್ತೇನೆ’ ಎನ್ನುವುದು ಸಾಕಾಗುವುದಿಲ್ಲ. ಹೊಡೆಯುವ ಬಗ್ಗೆ ಕೇಳಿದರೆ ಒಂದೇ ಉತ್ತರ: ಇಲ್ಲ. ಪೋಷಕರೇ ‘ಎರಡು ಬಿಗಿಯಿರಿ ಮಿಸ್’ ಎಂದರೂ ಇಲ್ಲ.

ಅಂಕಪಟ್ಟಿ ತೋರಿಸಿ, ಕೊಟ್ಟು ಬರಬೇಡಿ. ಒರಿಜಿನಲ್ ನೋಡಿ ಹೋಲಿಸಿಕೊಳ್ಳುವ ಹಕ್ಕು ಅವರಿಗಿದೆ. ಇಟ್ಟುಕೊಳ್ಳುವ ಕಾರಣ ಯಾವುದೂ ಇಲ್ಲ. ನಿಮ್ಮ ಸಹಿ ಹಾಕಿದ ಜೆರಾಕ್ಸ್ ಸೆಟ್ ಒಯ್ಯಿರಿ. ಜೆರಾಕ್ಸ್ ಮೇಲೆ ‘ಟ್ಯೂಟರ್ ಕೆಲಸದ ಅರ್ಜಿಗಾಗಿ ಮಾತ್ರ’ ಎಂದು ದಿನಾಂಕ ಸಮೇತ ಬರೆಯಿರಿ. ಒರಿಜಿನಲ್ ಇಲ್ಲೇ ಇರಲಿ ಎಂದು ಪಟ್ಟು ಹಿಡಿದರೆ, ‘ಯೂನಿವರ್ಸಿಟಿಯಲ್ಲಿ ಬೇಕಾಗುತ್ತೆ, ಬಿಟ್ಟು ಹೋಗಲು ಆಗಲ್ಲ’ ಎಂದು ಹೇಳಿ ಎದ್ದು ಬನ್ನಿ. ತರಬೇತಿ ಶುಲ್ಕ, ರಿಜಿಸ್ಟ್ರೇಷನ್, ಡೆಪಾಸಿಟ್ ಎಂದು ನಿಮ್ಮಿಂದಲೇ ದುಡ್ಡು ಕೇಳಿದರೂ ಅಷ್ಟೇ. ಇಷ್ಟು ತಿಂಗಳು ಬಿಡುವಂತಿಲ್ಲ ಎಂಬ ಬಾಂಡ್ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಹಾಸ್ಟೆಲ್‌ಗೆ ತಂದು, ಓದಿ, ಗೊತ್ತಿರುವವರಿಗೆ ತೋರಿಸಿ.

ಹಾಸ್ಟೆಲ್ ಗೇಟ್ ಎಷ್ಟಕ್ಕೆ ಮುಚ್ಚುತ್ತದೆ ನೀವು ಬರೆದಿಲ್ಲ. 8ಕ್ಕೆ ಕ್ಲಾಸ್ ಮುಗಿದರೂ ಕೊನೆಯ ಮಗುವಿನ ಮನೆಯವರು ಬರುವ ತನಕ ನೀವು ಅಲ್ಲಿರಬೇಕಾಗುತ್ತದೆ. ವಾರ್ಡನ್ ಹತ್ತಿರ ಮೊದಲೇ ಮಾತಾಡಿ, ಬೇಕಿದ್ದರೆ ಸೆಂಟರಿನಿಂದ ಒಂದು ಪತ್ರ ತೆಗೆದುಕೊಳ್ಳಿ. ಕೆಲಸ ಸಿಕ್ಕಿತು ಎಂದು ಫೋನ್ ಬಂದರೆ ಸಂತೋಷದಲ್ಲಿ ‘ಸರಿ ಸರ್’ ಎಂದು ಇಟ್ಟುಬಿಡಬೇಡಿ. ಸಮಯ, ತರಗತಿ, ಸಂಬಳ, ಅದು ಬರುವ ತಾರೀಖು, ಪರೀಕ್ಷೆ ರಜೆ, ಇಷ್ಟನ್ನೂ ನೀವೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ‘ನಾವು ಮಾತಾಡಿದ್ದು ಇಷ್ಟೇ ಅಲ್ವಾ ಸರ್, ಒಮ್ಮೆ ಖಚಿತಪಡಿಸಿ’ ಎಂದು ಕೇಳಿ. ಅವರ ಉತ್ತರ ಬಂದ ಮೇಲೆ ಸೇರಿಕೊಳ್ಳಿ.